ಸುಮ್ಮನಿದ್ದ ಕೈ

ಕಾದ ಬಾಣಲೆಗೆ ಬೆರಳು ತಗುಲಿದಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವವರು ನೀವಲ್ಲ. ನೀವೇ ಎಂದು ತಿಳಿದುಕೊಂಡಿದ್ದೀರಿ, ಅಷ್ಟೇ. ಬೆರಳ ತುದಿಯ ನರ ಬಿಸಿಯ ಸುದ್ದಿಯನ್ನು ಹೊತ್ತುಕೊಂಡು ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಮುಟ್ಟಿಸುತ್ತದೆ. ಬೆನ್ನುಹುರಿ ಯಾರನ್ನೂ ಕೇಳದೆ ಅಲ್ಲಿಂದಲೇ ತೋಳಿನ ಸ್ನಾಯುವಿಗೆ ‘ಎಳಿ’ ಎಂದು ಹೇಳಿ ಕಳಿಸುತ್ತದೆ. ಮೆದುಳಿಗೆ ಸುದ್ದಿ ಹೋಗುವುದು ಆಮೇಲೆ. ಉರಿ ಎಂದು ನೀವು ಬಾಯಿ ಬಿಡುವ ಹೊತ್ತಿಗೆ ಕೈ ಆಗಲೇ ಹಿಂದೆ ಬಂದಿರುತ್ತದೆ.

ನನ್ನ ಹೆಸರು ಪ್ರಭಾಮಣಿ. ಮೆಡಿಕಲ್ ಕಾಲೇಜಿನ ಅಂಗಕ್ರಿಯಾ ವಿಭಾಗದ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ತಂತ್ರಜ್ಞೆಯಾಗಿದ್ದವಳು. ಮೆದುಳು ತೆಗೆದ ಕಪ್ಪೆಯ ಕಾಲನ್ನು ಬಿಸಿನೀರಿಗೆ ತಾಗಿಸಿದರೆ ಅದು ಸರಕ್ಕನೆ ಕಾಲೆಳೆದುಕೊಳ್ಳುತ್ತದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿ, ಅವರು ಹೌಹಾರುವುದನ್ನು ನೋಡಿ ಖುಷಿಪಡುತ್ತಿದ್ದೆ. ಇನ್ನು ನನ್ನ ಸ್ವಭಾವ ಹೇಳಬೇಕೆಂದರೆ, ಹುಟ್ಟಾ ಅನುಮಾನದವಳು. ತಕ್ಕಡಿ ಖಾಲಿಯಿರುವಾಗ ಒಮ್ಮೆ ನೋಡದೆ ಬದನೆಕಾಯಿ ತಂದವಳಲ್ಲ. ‘ಅನುಮಾನಂ ಪೆದ್ದ ರೋಗಂ’ ಎಂದು ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲೇ ಹೇಳಿದ್ದರು, ಇವತ್ತಿಗೂ ಹೇಳುತ್ತಾರೆ. ರೋಗವೇ ಇರಲಿ, ಲ್ಯಾಬಿನಲ್ಲಿ ಅದು ಕೆಲಸಕ್ಕೆ ಬರುತ್ತಿತ್ತು.

ಬೆನ್ನುಹುರಿ ಕಳಿಸುವ ಆ ‘ಎಳಿ’ ಎಂಬ ಮಾತನ್ನು ನಡುದಾರಿಯಲ್ಲೇ ಹಿಡಿದು ನಿಲ್ಲಿಸಿದರೆ ಏನಾದೀತು? ಪುಸ್ತಕದಲ್ಲಿ ಓದಿದ್ದರೆ ಹುಚ್ಚು ಪ್ರಶ್ನೆ ಅನ್ನುತ್ತಿದ್ದೆ. ಕೋಟೆಹೊಸಹಳ್ಳಿಯಲ್ಲಿ ಅದಕ್ಕೊಂದು ಯಂತ್ರವೇ ಬಂತು. ಅಳತೆ ಮಾಡಿಕೊಡಲು ಕರೆದದ್ದು ನನ್ನನ್ನು.

ಕೋಟೆಹೊಸಹಳ್ಳಿ ರೇಷ್ಮೆ ನೂಲು ತೆಗೆಯುವ ಊರು. ಗೂಡನ್ನು ಕುದಿನೀರಿನಲ್ಲಿ ಬೇಯಿಸಿದಾಗ ಅದರ ಅಂಟು ಸಡಿಲವಾಗುತ್ತದೆ. ಆಗ ಬೆರಳಿನಿಂದ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ಅದಕ್ಕೂ ಯಂತ್ರಗಳಿವೆ, ಆದರೆ ನಮ್ಮ ಕಡೆಯ ಗೂಡಿನ ತುದಿ ಬೆರಳಿಗೆ ಸಿಕ್ಕಷ್ಟು ಚೆನ್ನಾಗಿ ಯಂತ್ರಕ್ಕೆ ಸಿಗುವುದಿಲ್ಲ ಎಂದು ಅಲ್ಲಿನವರ ವಾದ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನಲ್ಲಿ ಕೈಯಾಡಿಸುವ ಹೆಂಗಸರ ಬೆರಳು ಬೆಂದು, ಬಿಳುಚಿ, ಬಿರಿದಿರುತ್ತಿದ್ದವು. ಮನೆಗೆ ಹೋಗಿ ಸಾರಿಗೆ ಹುಣಿಸೆಹಣ್ಣು ಕಿವುಚುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ನಾನೇ ನೋಡಿದ್ದೇನೆ.

ಅಲ್ಲಿನ ಒಂದು ನೂಲಿನ ಶೆಡ್ಡಿಗೆ ಕಂಪನಿಯೊಂದು ಪರೀಕ್ಷೆಗೆಂದು ತಂದದ್ದು ‘ತಾಳ್ಮೆ’ ಎಂಬ ಪಟ್ಟಿ. ಎರಡು ಬೆರಳಗಲ, ಕುತ್ತಿಗೆಯ ಹಿಂದೆ ಅಂಟಿ ಕೂರುತ್ತದೆ, ಮುಂದೆ ಕೊಂಡಿ ಹಾಕಿಕೊಳ್ಳಬೇಕು. ಹೆಂಗಸರು ಅದನ್ನು ಕೊಳ್ಪಟ್ಟಿ ಎಂದು ಕರೆದರು. ಕೈಯಿಂದ ಬರುವ ನರಗಳ ಮಿಡಿತವನ್ನು ಅದು ಎಣಿಸುತ್ತಾ ಇರುತ್ತದೆ. ಮಿಡಿತ ಒಂದು ಮಿತಿಯೊಳಗಿದ್ದರೆ, ಬಿಸಿಯಿದೆ ಆದರೆ ಚರ್ಮ ಸುಡುವಷ್ಟಿಲ್ಲ ಎಂದು ಅರ್ಥ. ಆಗ ಒಂದು ಸಣ್ಣ ವಿದ್ಯುತ್ ಹರಿಸಿ ಬೆನ್ನುಹುರಿಯ ಅಪ್ಪಣೆಯನ್ನು ಅಡಗಿಸುತ್ತದೆ, ಕೈ ಇದ್ದಲ್ಲೇ ಇರುತ್ತದೆ. ಮಿಡಿತ ಮಿತಿ ದಾಟಿದರೆ ಪಟ್ಟಿ ಬಿಟ್ಟುಕೊಡುತ್ತದೆ, ಕೈ ಎಂದಿನಂತೆ ಹಿಂದೆ ಬರುತ್ತದೆ. ಆ ಮಿತಿ ಒಬ್ಬೊಬ್ಬರಿಗೆ ಒಂದೊಂದು. ಪ್ರತಿಯೊಬ್ಬರನ್ನೂ ಬಿಸಿ ತಗಡಿನ ಮುಂದೆ ಕೂರಿಸಿ ಅಳೆದು ಪಟ್ಟಿಗೆ ಕಲಿಸಬೇಕು. ನಲವತ್ತೆರಡು ಹೆಂಗಸರನ್ನೂ ಅಳೆದವಳು ನಾನು.

ಶೆಡ್ಡಿನ ಮೂಲೆಯಲ್ಲಿ ಗಾಜಿನ ಗೋಡೆ ಕಟ್ಟಿ ನಮಗೊಂದು ಕೋಣೆ ಮಾಡಿದ್ದರು. ಒಳಗೆ ದೊಡ್ಡ ಪರದೆ, ಅದರಲ್ಲಿ ನಲವತ್ತೆರಡು ಗೆರೆಗಳು ಹಾವಿನ ಮರಿಗಳಂತೆ ಹರಿಯುತ್ತಿರುತ್ತಿದ್ದವು. ಗಾಜಿನಾಚೆ ಕೆಲಸ ಮಾಡುವವರಿಗೆ ನನ್ನನ್ನು ಕಂಡರಾಗುತ್ತಿರಲಿಲ್ಲ. ಯಾರು ಎಷ್ಟು ಹೊತ್ತು ಮಾತಾಡಿದರು, ಯಾರು ಎಷ್ಟು ಸಲ ಎದ್ದು ಹೋದರು ಎಂದು ಬರೆದುಕೊಳ್ಳಲು ಕಂಪನಿ ನನ್ನನ್ನು ಕೂರಿಸಿದೆ ಎಂದು ಅವರ ಲೆಕ್ಕ. ನಾನು ಹೊರಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವರನ್ನು ಬೈಯಲು ನನಗೆ ಬಾಯಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅನುಮಾನಿಸುತ್ತಿದ್ದೆ.

ಮಾತಾಡಿಸುತ್ತಿದ್ದವಳು ಒಬ್ಬಳೇ, ಹೊಂಬಾಳಮ್ಮ. ನಲವತ್ತೈದರ ಹೆಂಗಸು, ಎಳೆ ಹಿಡಿಯುವುದರಲ್ಲಿ ಶೆಡ್ಡಿಗೇ ಮೊದಲನೆಯವಳು.

“ಅಕ್ಕ, ಈ ಕೊಳ್ಪಟ್ಟಿ ಬಂದ್ಮೇಲೆ ಮನುಸ್ರ ತರ ಉಣ್ತಾ ಇವ್ನಿ,” ಎಂದಳು ಒಂದು ದಿನ. “ಮೊದ್ಲು ಮುದ್ದೆ ಮುರಿಯೋಕೂ ಆಯ್ತಿರ್ಲಿಲ್ಲ. ಬೆರಳು ಉರ್ದು ಉರ್ದು ಸಾಯ್ತಿದ್ದೆ. ನಿಮ್ ಕಂಪ್ನಿ ಚೆಂದಾಗಿರ್ಲಿ.”

“ನನ್ನ ಕಂಪನಿ ಅಲ್ಲ,” ಎಂದೆ.

“ಯಾರ್ದಾದ್ರೂ ಆಗ್ಲಿ ಬುಡಿ.”

ಎಂಟು ತಿಂಗಳು ಹೀಗೆ ನಡೆಯಿತು. ನನ್ನ ಹಳೆಯ ರೋಗ ಕೆದರಿದ್ದು ಎಂಟನೆಯ ತಿಂಗಳ ವರದಿ ಜೋಡಿಸುವಾಗ. ಪಟ್ಟಿ ಎಷ್ಟು ಸಲ ಬಿಟ್ಟುಕೊಟ್ಟಿತು, ಅಂದರೆ ನೀರು ನಿಜವಾಗಿ ಸುಡುವಷ್ಟಿದ್ದು ಕೈ ತಾನಾಗಿ ಹಿಂದೆ ಬಂದದ್ದು ಎಷ್ಟು ಸಲ ಎಂಬುದಕ್ಕೆ ‘ಬಿಡುಗಡೆ’ ಎಂಬ ಒಂದು ಸಾಲಿತ್ತು. ಆ ಸಾಲಿನಲ್ಲಿ ಸೊನ್ನೆ. ನಲವತ್ತೆರಡು ಜನ, ಎಂಟು ತಿಂಗಳು, ದಿನಕ್ಕೆ ಸಾವಿರಾರು ಸಲ ನೀರಿಗೆ ಅದ್ದಿದ ಕೈಗಳು. ಒಂದು ಸಲವೂ ಬಿಡುಗಡೆಯಿಲ್ಲ.

ಡಾಕ್ಟರ್ ತ್ರಿವಿಕ್ರಮ ಈ ಪರೀಕ್ಷಾ ಕೇಂದ್ರದ ಮುಖ್ಯಸ್ಥ. ಮೂವತ್ತೈದರ ಆಸುಪಾಸು, ಯಾರಿಗೂ ದನಿ ಏರಿಸಿದವನಲ್ಲ. ಅಷ್ಟು ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ನಂಬಿಕೆ ಕಡಿಮೆ.

“ಸೊನ್ನೆ ಅಂದ್ರೆ ಒಳ್ಳೇದಲ್ವಾ ಮೇಡಂ? ನೀರು ಯಾವತ್ತೂ ಮಿತಿ ದಾಟಿಲ್ಲ ಅಂತ,” ಎಂದ.

“ಬೇಯಿಸೋ ಬಾಣಲೆಯಲ್ಲಿ ನೀರು ಕುದಿಯುತ್ತೆ ತ್ರಿವಿಕ್ರಮ್. ದಿನಕ್ಕೆ ಒಬ್ಬರಾದರೂ ಮರೆತು ಅದಕ್ಕೆ ಬೆರಳು ಹಾಕ್ತಾರೆ. ನಾನೇ ಕಂಡಿದ್ದೀನಿ.”

“ಕ್ಷಣ ಹೊತ್ತು ತಾಗಿರಬಹುದು. ಪಟ್ಟಿ ಎಣಿಸೋಕೂ ಸ್ವಲ್ಪ ಹೊತ್ತು ಬೇಕಲ್ಲ.”

“ಯಾರಾದರೂ ಆ ಸಾಲು ಅಳಿಸಿದ್ದಾರಾ?”

ಅವನು ನಕ್ಕ. ಕೋಪಗೊಂಡಿದ್ದರೆ ನಂಬುತ್ತಿದ್ದೆನೇನೋ. “ಮೂಲ ದಾಖಲೆ ನಿಮ್ಮ ಹತ್ರಾನೇ ಇದೆ ಮೇಡಂ. ನೋಡಿಕೊಳ್ಳಿ,” ಎಂದ. ನೋಡಿದೆ. ಎರಡು ದಿನ ಕಣ್ಣು ಕೀಲಿಸಿಕೊಂಡು ಹುಡುಕಿದೆ. ಯಾರೂ ಏನನ್ನೂ ಅಳಿಸಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿತ್ತು, ಆದರೆ ಇದು ಏನೆಂದು ಮಾತ್ರ ಗೊತ್ತಾಗಲಿಲ್ಲ.

ಅದೇ ವಾರ ಹೊಂಬಾಳಮ್ಮ ಮೊಮ್ಮಗಳನ್ನು ನೋಡಲು ಕರೆದಳು. ಅವಳ ಮಗಳು ಚಂದ್ರಕಲಾ ಹೆರಿಗೆಗೆ ತವರಿಗೆ ಬಂದಿದ್ದಳು, ಹೆಣ್ಣು ಮಗುವಾಗಿ ಇಪ್ಪತ್ತು ದಿನ. ಒಂದು ಅಂಗಿ ತೆಗೆದುಕೊಂಡು ಹೋದೆ. ಚಂದ್ರಕಲಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಬೆಳ್ಳುಳ್ಳಿ ವಾಸನೆಯ ಕೋಣೆಯಲ್ಲಿ ಕೂತಿದ್ದಳು. ಮಗು ನಿದ್ದೆಯಲ್ಲಿ ತುಟಿ ಆಡಿಸುತ್ತಿತ್ತು. ಅಂಥ ಚರ್ಮ ನೋಡಿ ಎಷ್ಟು ವರ್ಷವಾಗಿತ್ತೋ, ನೀರುಳ್ಳಿಯ ಒಳಸಿಪ್ಪೆಯ ಹಾಗೆ ತೆಳ್ಳಗೆ. ಮುಟ್ಟಲೂ ಹೆದರಿಕೆಯಾಯಿತು.

ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಹೊಂಬಾಳಮ್ಮ ಹೋಗಿ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟು, ಮಾತು ಮುಂದುವರಿಸಿದಳು. ಬಟ್ಟೆಯಿಲ್ಲ, ಇಕ್ಕಳವಿಲ್ಲ. ನಾನು ತಕ್ಷಣ ಅವಳ ಕುತ್ತಿಗೆ ನೋಡಿದೆ. ಪಟ್ಟಿಯನ್ನು ಶೆಡ್ಡಿನಲ್ಲೇ ಬಿಚ್ಚಿಟ್ಟು ಬರಬೇಕೆಂದು ನಿಯಮ, ಕದ್ದು ತಂದಿರಬೇಕು ಅಂದುಕೊಂಡೆ. ಕುತ್ತಿಗೆ ಬರಿದಾಗಿತ್ತು. ಪಟ್ಟಿಯ ಗುರುತು ಮಾತ್ರ ಬೆವರುಸಾಲೆಯಂತೆ ಕೆಂಪಗಿತ್ತು.

“ಬಿಸಿ ಇರಲಿಲ್ವಾ ಅದು?” ಎಂದೆ.

“ಯಾವ್ದು? ಪಾತ್ರೆನಾ? ಅಷ್ಟೇನಿಲ್ಲ.” ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

ಹಾಲು ಇನ್ನೂ ಗುಳುಗುಳು ಎನ್ನುತ್ತಿತ್ತು.

“ಮಗೂಗೆ ಯಾರು ಎರೀತಾರೆ?” ಎಂದು ಕೇಳಿದೆ.

“ಬೀಗಿತಿ ಎರೀತಾವ್ರೆ. ನಾಳೆ ಬೇಸ್ತವಾರ ಅವ್ರು ಊರಿಗೆ ಹೋಯ್ತಾರೆ. ಸುಕ್ರವಾರದಿಂದ ನಾನೇಯ. ಈ ಬೀದೀಲಿ ಹುಟ್ಟಿದ್ ಮಕ್ಳಿಗೆಲ್ಲ ಎರ್ದಿರೋಳು ನಾನು, ನನ್ ಮೊಮ್ಮಗಳಿಗೆ ಬುಟ್ಟೇನಾ? ನೀರಿನ್ ಹದ ಈ ಕೈಗೆ ಗೊತ್ತಾದಂಗೆ ಯಾರ್ಗೂ ಗೊತ್ತಾಗಾಕಿಲ್ಲ.” ಕೈ ಎತ್ತಿ ತೋರಿಸಿ ನಕ್ಕಳು.

ಮನೆಗೆ ಬಂದು ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. “ದುಡಿಯೋ ಕೈ, ಒರಟಾಗಿರುತ್ತೆ. ನಮ್ಮಮ್ಮ ಕೆಂಡ ಕೈಯಲ್ಲಿ ಎತ್ತಿ ಹಾಕ್ತಿದ್ದಳು. ಎಲ್ಲದರಲ್ಲೂ ಹುಳುಕು ಹುಡುಕ್ತೀಯಲ್ಲ,” ಎಂದರು. ಅವರು ಹೇಳುವುದೂ ಸರಿಯೇ ಇರಬಹುದಿತ್ತು. ಹಾಗೆಂದು ಸುಮ್ಮನಿರುವುದಾದರೂ ಹೇಗೆ? ಶುಕ್ರವಾರ ಬೆಳಿಗ್ಗೆ ಆ ಮಗುವಿನ ಮೈಮೇಲೆ ಬೀಳುವ ನೀರಿಗೆ ಹದ ಹೇಳುವುದು ಅದೇ ಕೈ.

ಗುರುವಾರ ಮಧ್ಯಾಹ್ನ ಹೊಂಬಾಳಮ್ಮನನ್ನು ಗಾಜಿನ ಕೋಣೆಗೆ ಕರೆದೆ. ಶೆಡ್ಡಿನವರೆಲ್ಲ ಕತ್ತು ಹೊರಳಿಸಿ ನೋಡಿದರು. ಪಟ್ಟಿ ಬಿಚ್ಚಿಸಿ, ಬಿಸಿ ತಗಡಿನ ಮುಂದೆ ಕೂರಿಸಿ, ಮೊದಲ ಸಲದಂತೆಯೇ ಎಲ್ಲ ಅಣಿಮಾಡಿದೆ. ಕೈ ತೊಳೆಯಲೆಂದು ಚೊಂಬಿನಲ್ಲಿ ನೀರಿಟ್ಟು ತಗಡಿನ ಗುಂಡಿ ಒತ್ತಲು ತಿರುಗಿದೆ. ಮತ್ತೆ ಈಚೆ ನೋಡಿದರೆ ಅವಳು ಚೊಂಬನ್ನು ಎಡಕ್ಕೆ ಎಳೆದುಕೊಂಡು ನಾಲ್ಕೂ ಬೆರಳನ್ನು ನೀರಿನಲ್ಲಿ ಮುಳುಗಿಸಿ ಆರಾಮಾಗಿ ಕೂತಿದ್ದಳು.

“ತೊಳೆದಾಯ್ತಲ್ಲ, ತೆಗೀರಿ,” ಎಂದೆ.

“ಇರ್ಲಿ ಬುಡಿ. ಬಿಸಿಗೆ ಇಡೋಕ್ ಮುಂಚೆ ತಣ್ಣೀರ್ಗೆ ಇಡ್ದೆ ಇದ್ದಾರಾ ಯಾರಾದ್ರೂ?”

ಅದು ಅವರ ಕಸುಬಿನ ರೂಢಿ. ಪ್ರತಿ ಬಾಣಲೆಯ ಪಕ್ಕದಲ್ಲೂ ಒಂದು ತಣ್ಣೀರ ಬೋಗುಣಿ ಇರುತ್ತದೆ. ಬೆರಳನ್ನು ಮೊದಲು ಅದರಲ್ಲಿ ಅದ್ದಿ, ತಂಪು ಆರುವ ಮುಂಚೆ ಬಿಸಿಗೆ ಹಾಕಿ ತುದಿ ಹಿಡಿಯುತ್ತಾರೆ. ನಾನು ದಿನಾ ನೋಡುತ್ತಿದ್ದದ್ದೇ.

“ಮೊದಲ ಸಲ ಅಳೆದಾಗಲೂ ಹೀಗೇ ಇಟ್ಕೊಂಡಿದ್ರಾ?” ಗುಂಡಿ ಬಿಟ್ಟು ಅವಳ ಪಕ್ಕ ಕೂತೆ.

“ಊಂ. ಎಲ್ರೂವೆ. ನೀವೇ ಅಲ್ವಾ ಚೊಂಬು ಮಡಗಿದ್ದು? ಪರ್ವಾಗಿಲ್ಲ, ಈಯಮ್ಮಂಗೆ ನಮ್ ಕೆಲ್ಸ ಗೊತ್ತೈತೆ ಅಂದ್ಕೊಂಡ್ವಿ.”

ನನ್ನ ಕಾಲೇಜಿನ ವಿದ್ಯಾರ್ಥಿಗಳು ಕೈ ತೊಳೆದು ಒರೆಸಿಕೊಂಡು ಕೂರುತ್ತಿದ್ದರು. ಇವರೂ ಹಾಗೇ ಎಂದುಕೊಂಡು ನಾನು ಯಂತ್ರ ನೋಡುತ್ತಿದ್ದೆ, ಕೈ ನೋಡಲಿಲ್ಲ. ತಣ್ಣಗಿದ್ದ ಬೆರಳಿಗೆ ಬಿಸಿ ತಟ್ಟಿ ಕೈ ಹಿಂದೆ ಬಂದದ್ದು ತಗಡು ಸುಡುವಷ್ಟು ಕಾದ ಮೇಲೆ. ತಗಡಿನ ಆ ಬಿಸಿಗೆ ಲೆಕ್ಕ ಹಾಕಿದ ಮಿಡಿತವನ್ನೇ ಮಿತಿಯೆಂದು ಪಟ್ಟಿಗೆ ಕಲಿಸಿದೆ. ಇಷ್ಟು ಬಿಸಿಯನ್ನೂ ತಡೆಯಬಹುದು ಎಂದು ನಲವತ್ತೆರಡು ಪಟ್ಟಿಗಳಿಗೂ ಸುಳ್ಳು ಹೇಳಿಕೊಟ್ಟವಳು ನಾನು. ಅದಕ್ಕೇ ಒಂದು ಸಲವೂ ಬಿಡುಗಡೆಯಾಗಿರಲಿಲ್ಲ. ಕಂಪನಿಯನ್ನು ಅನುಮಾನಿಸಿದೆ, ತ್ರಿವಿಕ್ರಮನ ನಗುವನ್ನು ಅನುಮಾನಿಸಿದೆ. ಪ್ರಪಂಚದಲ್ಲಿ ನಾನು ಅನುಮಾನಿಸದೆ ಬಿಟ್ಟದ್ದು ನನ್ನೊಬ್ಬಳನ್ನೇ.

ಕೈ ಒರೆಸಿಸಿದೆ. ಐದು ನಿಮಿಷ ಕಾಯಿಸಿದೆ. ಆಮೇಲೆ ಬೆರಳನ್ನು ತಗಡಿನ ಮೇಲೆ ಇಡಿಸಿ ಬಿಸಿ ಏರಿಸಿದೆ. ಪಟ್ಟಿ ಮೇಜಿನ ಮೇಲಿತ್ತು. ನಲವತ್ತೈದು ಡಿಗ್ರಿಗೆ ಯಾರಾದರೂ ಮಿಸುಕುತ್ತಾರೆ, ನಲವತ್ತೆಂಟಕ್ಕೆ ಕೈ ತೆಗೆಯುತ್ತಾರೆ. ಹೊಂಬಾಳಮ್ಮ ಗಾಜಿನಾಚೆ ತನ್ನ ಬಾಣಲೆಯನ್ನು ಯಾರೋ ಮುಟ್ಟುತ್ತಿದ್ದಾರೆಂದು ಗೊಣಗುತ್ತಿದ್ದಳು. ಐವತ್ತಾಯಿತು. ಐವತ್ತೊಂದಕ್ಕೆ ನಾನೇ ಅವಳ ಕೈ ಹಿಡಿದೆಳೆದೆ. ಬೆರಳು ಕೆಂಪಾಗಿತ್ತು.

“ಹೇಗಿತ್ತು?”

“ಬೆಚ್ಚಗಿತ್ತು.”

ಸ್ನಾಯುವಿಗೆ ಅಪ್ಪಣೆಯೇ ಹೋಗಿರಲಿಲ್ಲ. ಎಂಟು ತಿಂಗಳು ಯಾರೂ ನಡೆಯದ ಕಾಲುದಾರಿಯಲ್ಲಿ ಹುಲ್ಲು ಬೆಳೆದಂತೆ, ಬೆನ್ನುಹುರಿ ಆ ದಾರಿಯನ್ನು ಮರೆತಿತ್ತು. ಪಟ್ಟಿ ಆಗಾಗ ಬಿಟ್ಟುಕೊಟ್ಟಿದ್ದರೆ ದಾರಿ ಸವೆಯುತ್ತಾ ಇರುತ್ತಿತ್ತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ‘ಬೆಚ್ಚಗಿತ್ತು’ ಎಂಬ ಮಾತು. ನೋವು ಮೆದುಳಿನ ಕೆಲಸ, ಅದನ್ನು ಪಟ್ಟಿ ಮುಟ್ಟುವುದಿಲ್ಲ ಎಂದು ಕಂಪನಿ ಹೇಳಿತ್ತು. ಅದು ಸುಳ್ಳೇನಲ್ಲ. ಆದರೆ ಮೆದುಳಿಗೆ ಸುದ್ದಿ ಬರುವುದು ತಡವಾಗಿ. ಬಂದಾಗ ಅದು ಮೊದಲು ಕೈ ಎಲ್ಲಿದೆ ಎಂದು ನೋಡುತ್ತದೋ ಏನೋ. ಕೈ ಹಿಂದೆ ಬಂದಿದ್ದರೆ, ಓಹೋ, ಉರಿ. ಬಂದಿಲ್ಲವಾದರೆ, ಏನೂ ಆಗಿಲ್ಲ. ತಿಂಗಳುಗಟ್ಟಲೆ ಕೈ ಸುಮ್ಮನಿದ್ದುದನ್ನು ನೋಡಿ ನೋಡಿ ಅದೂ ಸುಮ್ಮನಾಗಿತ್ತು.

“ಹೊಂಬಾಳಮ್ಮ, ನಾಳೆ ನೀವು ಮಗೂಗೆ ಎರೀಬೇಡಿ,” ಎಂದೆ. “ನಿಮ್ಮ ಕೈಗೆ ಬಿಸಿ ಗೊತ್ತಾಗ್ತಿಲ್ಲ.”

ಅವಳ ಮುಖ ಗಂಟಿಕ್ಕಿತು. “ಏನಂದ್ರಿ?”

“ಎರೆದರೂ ಥರ್ಮಾಮೀಟರ್ ಇಟ್ಟು ನೋಡಿ. ನಾನೇ ಕೊಡ್ತೀನಿ.”

“ಕೂಸು ಎರೆಯೋಕೆ ಥರ್ಮಾಮೀಟ್ರು.” ಅವಳು ಎದ್ದಳು. “ನಲವತ್ ಕೂಸಿಗೆ ಎರ್ದಿವ್ನಿ ಅಕ್ಕ, ಒಂದಕ್ಕಾದ್ರೂ ಬೊಬ್ಬೆ ಬಂದೈತಾ ಕೇಳಿ. ನಿಮ್ಗೆ ಕೊಳ್ಪಟ್ಟಿ ಕಿತ್ಕೋಬೇಕು, ಅದ್ಕೆ ಈ ನಾಟ್ಕ. ಶೆಡ್ನಾಗೆ ಎಲ್ರೂ ಹೇಳೋರು ನಿಮ್ನ ನಂಬಬ್ಯಾಡ ಅಂತ. ನಾನೇ ಹುಚ್ಚಿ, ಮನೆಗ್ ಕರ್ದು ಕೂಸು ತೋರುಸ್ದೆ.”

ಬಾಗಿಲು ಧಡಾರನೆ ಹಾಕಿಕೊಂಡು ಹೋದಳು. ಆಚೆ ಅವಳನ್ನು ಎಲ್ಲರೂ ಮುತ್ತಿಕೊಂಡರು, ಏನೇನು ಹೇಳಿದಳೋ.

ತ್ರಿವಿಕ್ರಮನಿಗೆ ವಿಷಯ ತಿಳಿಸಿದೆ. ಒಬ್ಬಳ ಪರೀಕ್ಷೆಯಿಂದ ಏನೂ ಹೇಳಲಾಗದು, ಕೇಂದ್ರ ಕಚೇರಿಗೆ ಬರೆಯೋಣ, ಎರಡು ವಾರದಲ್ಲಿ ಉತ್ತರ ಬರುತ್ತದೆ ಎಂದ. “ಅಳತೆಯಲ್ಲಿ ತಪ್ಪಾಗಿರೋಕೆ ಸಾಧ್ಯವಾ ಮೇಡಂ?” ಎಂದೂ ಕೇಳಿದ. ಚೊಂಬಿನ ವಿಷಯ ನಾಲಿಗೆಯ ತುದಿಗೆ ಬಂತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. “ನೋಡಬೇಕು,” ಎಂದು ಹೇಳಿ ಬಂದುಬಿಟ್ಟೆ. ಇಪ್ಪತ್ತಾರು ವರ್ಷದ ಹೆಸರು ನೋಡಿ. ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಹಾಗೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆಲ್ಲ ಹೊಂಬಾಳಮ್ಮನ ಮನೆಯ ಬಾಗಿಲಲ್ಲಿದ್ದೆ. ಹಿತ್ತಲ ಬಚ್ಚಲಿನಿಂದ ಹೊಗೆ ಬರುತ್ತಿತ್ತು, ಹಂಡೆಗೆ ಉರಿ ಹಾಕಿಯಾಗಿತ್ತು. ನಡುಮನೆಯಲ್ಲಿ ಚಂದ್ರಕಲಾ ಒಬ್ಬಳೇ ಕೂತಿದ್ದಳು.

“ನಿಮ್ಮಮ್ಮ ಎಲ್ಲಿ?”

“ಕೂಸಿಗೆ ಎರೀತಾವ್ರೆ. ಒಳಕ್ ಹೋಗ್ಬ್ಯಾಡಿ ಆಂಟಿ. ಎರೆಯೋವಾಗ ಹೊರಗ್ನೋರು ನೋಡ್ಬಾರ್ದು, ದೃಷ್ಟಿಯಾಯ್ತದೆ.”

“ಚಂದ್ರಕಲಾ, ನೀನೇ ಹೋಗಿ ನೀರಿಗೆ ಕೈ ಹಾಕಿ ನೋಡು. ಈಗಲೇ. ನಿಮ್ಮಮ್ಮನ ಕೈಗೆ ಬಿಸಿ ಗೊತ್ತಾಗೋದಿಲ್ಲ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತಾಯಿ ಹೇಳಿಟ್ಟಿರಬೇಕು, ಈಯಮ್ಮ ಬಂದರೆ ಹೀಗೇ ಹೇಳುತ್ತಾಳೆ ಎಂದು. ಬಚ್ಚಲಿನಿಂದ ಹೊಂಬಾಳಮ್ಮ ಮಗುವಿನ ಜೊತೆ ಮಾತಾಡುವುದು ಕೇಳುತ್ತಿತ್ತು. ಹದವಾಗೈತೆ ಕಣಮ್ಮಿ, ಹದವಾಗೈತೆ, ಎನ್ನುತ್ತಿದ್ದಳು. ನಾನು ಚಂದ್ರಕಲಾಳನ್ನು ದಾಟಿ ಓಡಿದೆ. ಅವಳು ನನ್ನ ಸೆರಗು ಹಿಡಿದಳು.

ಅಷ್ಟರಲ್ಲಿ ಒಳಗೆ ಹೊಂಬಾಳಮ್ಮ ಚೀರಿದಳು. ಚೊಂಬು ಉರುಳಿತು, ಮಗು ಅಳತೊಡಗಿತು.

ನಾವಿಬ್ಬರೂ ಒಟ್ಟಿಗೆ ನುಗ್ಗಿದೆವು. ಕೂಸು ಎರೆಯುವವರು ಮಣೆಯ ಮೇಲೆ ಕೂತು, ಕಾಲು ನೀಳವಾಗಿ ಚಾಚಿ, ಮಗುವನ್ನು ಮೊಣಕಾಲಿನಿಂದೀಚೆ ಕಾಲುಗಳ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಾರಲ್ಲ, ಅವಳೂ ಹಾಗೇ ಕೂತಿದ್ದಳು. ಪಾದದ ಕಡೆಯಿಂದ ಸುರಿದ ಮೊದಲ ಚೊಂಬಿನ ನೀರು ಮುಟ್ಟಿದ್ದು ಅವಳ ಕಣಕಾಲನ್ನು. ಕಾಲು ಸರಕ್ಕನೆ ಮಡಿಸಿಕೊಂಡಿತ್ತು. ಮಗು ಜಾರಿ ಪಕ್ಕದಲ್ಲಿ ಹಾಸಿದ್ದ ಒದ್ದೆ ಗೋಣಿಯ ಮೇಲೆ ಬಿದ್ದಿತ್ತು. ಚಂದ್ರಕಲಾ ಬಾಚಿ ಎತ್ತಿಕೊಂಡಳು. ಮಗುವಿನ ಅಂಗಾಲಿನ ಹತ್ತಿರ ಒಂದು ಕಾಳಿನಷ್ಟು ಕೆಂಪು, ಅಷ್ಟೇ. ಮಗುವಿನ ತಲೆ, ಬೆನ್ನು, ಹೊಟ್ಟೆ ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಆಮೇಲೆ ಹಂಡೆಯ ಪಕ್ಕ ಕೂತೆ.

ಕಾಲಿನ ನರಗಳು ಬೆನ್ನುಹುರಿಯನ್ನು ಸೇರುವುದು ಸೊಂಟದ ಹತ್ತಿರ. ಕುತ್ತಿಗೆಯ ಪಟ್ಟಿ ಅಲ್ಲಿಗೆ ಮುಟ್ಟಿರಲಿಲ್ಲ.

ಹೊಂಬಾಳಮ್ಮನ ಕಣಕಾಲು ಆಗಲೇ ಬೊಬ್ಬೆಯೇಳುತ್ತಿತ್ತು. ಅವಳು ಕಾಲು ನೋಡಿಕೊಳ್ಳಲಿಲ್ಲ. ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ.

“ಇದೇ ಕೈಯಾಗೆ ನೋಡ್ದೆ ಅಕ್ಕ,” ಎಂದಳು. “ಮೂರು ಕಿತ ನೋಡ್ದೆ.”

“ತಪ್ಪು ನಿಮ್ಮದಲ್ಲ, ನನ್ನದು,” ಎಂದೆ. ಚೊಂಬಿನ ಕಥೆಯನ್ನು ಅಲ್ಲೇ, ಆ ಹೊಗೆಯಲ್ಲೇ ಪೂರ್ತಿ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಚಂದ್ರಕಲಾ ಮಗುವನ್ನು ಎದೆಗವಚಿಕೊಂಡು ನಮ್ಮಿಬ್ಬರಿಂದಲೂ ದೂರ ನಿಂತಿದ್ದಳು. ತಾಯಿ ಕೈ ಚಾಚಿದಾಗ ಕೊಡಲಿಲ್ಲ. ಹೊಂಬಾಳಮ್ಮ ಅತ್ತದ್ದು ಆಗ.

ಅಲ್ಲಿಂದ ನೇರ ಶೆಡ್ಡಿಗೆ ಹೋದೆ. ಕೆಲಸ ಶುರುವಾಗಿತ್ತು. ಬಾಗಿಲ ಹತ್ತಿರದ ಗುಂಡಿ ಒತ್ತಿ ರಾಟೆಗಳನ್ನೆಲ್ಲ ನಿಲ್ಲಿಸಿ, ನಡುವೆ ನಿಂತು, ಮೊದಲಿಂದ ಕೊನೆಯವರೆಗೆ ಹೇಳಿದೆ. ಎಲ್ಲರೂ ಈಗಲೇ ಪಟ್ಟಿ ಬಿಚ್ಚಿಬಿಡಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರ ನೀರು, ಹಾಲು ಯಾವುದಕ್ಕೂ ನಿಮ್ಮ ಕೈ ನಂಬಬೇಡಿ ಎಂದೆ. ತ್ರಿವಿಕ್ರಮ ಗಾಜಿನ ಕೋಣೆಯಿಂದ ಓಡಿ ಬಂದ. ಅವನ ಮುಖ ಬಿಳಿಚಿತ್ತು. “ನಿನ್ನೆ ಯಾಕೆ ಹೇಳಲಿಲ್ಲ ಮೇಡಂ?” ಎಂದ. ಕೇಳಬೇಕಾದ ಮಾತೇ ಅದು.

ಯಾರೂ ಪಟ್ಟಿಗೆ ಕೈ ಹಾಕಲಿಲ್ಲ.

ಪುಟ್ಟನಂಜಮ್ಮ ಎಂಬ ಹಿರಿಯಾಕೆ ಎದ್ದು ನಿಂತಳು. “ನಿಮ್ಗ್ಯಾರು ಹೇಳ್ಕೊಟ್ಟು ಕಳ್ಸವ್ರೆ ತಾಯಿ?”

“ಯಾರೂ ಇಲ್ಲ.”

“ಎಂಟ್ ತಿಂಗ್ಳು ಸರಿಯಾಗಿತ್ತು. ಇವತ್ತು ಏಕ್‌ದಂ ತಪ್ಪಾಗೋಯ್ತಾ? ನೆಮ್ದಿಯಾಗಿ ದುಡ್ಕೊಂಡು ಉಣ್ತಾ ಇದ್ರೆ ಕಣ್ಣು ಕುಕ್ತದಾ ನಿಮ್ಗೆ? ಇದ್ನ ಕಿತ್ಕೊಂಡು ಇನ್ಯಾರಿಗೋ ಕೊಡ್ಬೇಕು, ಅಷ್ಟೇ ತಾನೆ? ನಾನು ಬಿಚ್ಚಕಿಲ್ಲ. ಆ ಉರಿ ಏನೂಂತ ನಿಮ್ಗೇನ್ ಗೊತ್ತು, ಗಾಜಿನ್ ಮನೇಲಿ ಕೂತಿರೋರ್ಗೆ.”

ಹೌದು ಹೌದು ಎಂದು ಸುತ್ತಲಿಂದ ಮಾತೆದ್ದಿತು. ಉರಿ ವಾಪಸ್ಸು ತೆಗೆದುಕೊಳ್ಳಿ ಎಂದು ಯಾರಿಗೆ ತಾನೇ ಹೇಳಿ ಒಪ್ಪಿಸಲಾದೀತು? ಜನ್ಮವಿಡೀ ಎಲ್ಲರನ್ನೂ ಅನುಮಾನಿಸಿದ್ದೆ. ಈಗ ನಲವತ್ತು ಜೊತೆ ಕಣ್ಣು ನನ್ನನ್ನು ಹಾಗೇ ನೋಡುತ್ತಿದ್ದವು.

ಹೊಂಬಾಳಮ್ಮ ಯಾವಾಗ ಬಂದಳೋ ಯಾರೂ ಗಮನಿಸಲಿಲ್ಲ. ಕಣಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಬಂದು, ಗೂಡು ಬೇಯಿಸುವ ದೊಡ್ಡ ಬಾಣಲೆಯ ಮುಂದೆ ನಿಂತಳು. ಸೆರಗು ಸರಿಸಿ ಬರಿಯ ಕುತ್ತಿಗೆಯನ್ನು ಎಲ್ಲರಿಗೂ ತೋರಿಸಿದಳು. ಆಮೇಲೆ ಬಲಗೈಯನ್ನು ಮಣಿಕಟ್ಟಿನವರೆಗೆ ಕುದಿನೀರಿಗೆ ಇಳಿಸಿದಳು.

ಕೈ ಅಲುಗಲಿಲ್ಲ. ಮುಖದಲ್ಲೂ ಏನೂ ಇರಲಿಲ್ಲ. ಪುಟ್ಟನಂಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಹೊಂಬಾಳಮ್ಮ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದಳು, ನೀರಿನ ಬಿಸಿಯನ್ನು ಅಲ್ಲಿ ಓದಿಕೊಳ್ಳುವವಳ ಹಾಗೆ.

“ಎಷ್ಟೊತ್ತು ಮಡಗಿದ್ರೆ ನಂಬ್ತೀರಾ, ನೀವೇ ಹೇಳ್ರವ್ವ,” ಎಂದಳು. “ನಂಗಂತೂ ಗೊತ್ತಾಗಾಕಿಲ್ಲ.”

ನಾನು ಓಡಿ ಹೋಗಿ ಅವಳ ತೋಳು ಹಿಡಿದು ಎಳೆಯುವ ಹೊತ್ತಿಗೆ ನನ್ನ ಹಿಂದೆ ಪಟ್ಟಿಗಳ ಕೊಂಡಿಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು.